ಆರು ವಾರ ಮನೆಗೆ ಬೀಗ ಹಾಕಿ ಊರಿಗೆ ಹೋಗುತ್ತಿದ್ದೇವೆ, ಸಿಗಾರ್ ಬೀರುವನ್ನು ತಂಪಾಗಿ ಇಡುವುದು ಹೇಗೆ?

ಚಾಂಡ್ಲರ್ ಮೈಸೂರಿಗ
ಮೇ 17

ಎಲ್ಲರಿಗೂ ನಮಸ್ಕಾರ. ನಾವಿರುವುದು ಅರಿಜೋನಾದ ಚಾಂಡ್ಲರ್‌ನಲ್ಲಿ, ಫೀನಿಕ್ಸ್ ಪಕ್ಕ. ಜೂನ್ 10ಕ್ಕೆ ಮನೆಮಂದಿಯೆಲ್ಲ ಮೈಸೂರಿಗೆ ಹೊರಡುತ್ತೇವೆ, ವಾಪಸ್ ಬರುವುದು ಜುಲೈ 24ಕ್ಕೆ. ಆರು ವಾರಕ್ಕೂ ಜಾಸ್ತಿ ಮನೆ ಖಾಲಿ ಇರುತ್ತದೆ. ನನ್ನ ಚಿಂತೆಯೆಲ್ಲ ಸಿಗಾರ್ ಬೀರುವಿನದು.

ಬೀರು ನಾಲ್ಕು ಅಡಿ ಎತ್ತರ ಇದೆ. ಒಳಗೆಲ್ಲ ಸ್ಪ್ಯಾನಿಷ್ ಸೀಡರ್ ಹಲಗೆ, ಮುಂದೆ ಗಾಜಿನ ಬಾಗಿಲು. ಸುಮಾರು 400 ಸಿಗಾರ್ ಇವೆ. ಇವು ನಾನು ಕೊಂಡವಲ್ಲ. ಆಫೀಸಿನಲ್ಲಿ ಹನ್ನೊಂದು ವರ್ಷ ಕೈಹಿಡಿದು ಕೆಲಸ ಕಲಿಸಿದ ಹಿರಿಯರೊಬ್ಬರವು. ಕ್ಯೂಬಾ ಮೂಲದವರು, ಚಿಕ್ಕಂದಿನಲ್ಲೇ ಫ್ಲಾರಿಡಾಕ್ಕೆ ಬಂದವರು. ಹೆಂಡತಿ ತೀರಿಕೊಂಡ ಮೇಲೆ ವಯಸ್ಸಾದವರ ವಸತಿಗೆ ಹೋದರು, ಅಲ್ಲಿ ಇದನ್ನೆಲ್ಲ ಇಟ್ಟುಕೊಳ್ಳಲು ಬಿಡುವುದಿಲ್ಲ. ನೀನೇ ನೋಡಿಕೋ ಅಂತ ಬೀರು ಸಮೇತ ನಮ್ಮ ಮನೆಗೆ ಕಳಿಸಿದರು. ಪ್ರತಿ ಡಬ್ಬಿಯ ತಳದಲ್ಲೂ ಅವರ ಕೈಬರಹದಲ್ಲಿ ತಾರೀಕು ಇದೆ, ಕೆಲವು 2009ರವು. ತಿಂಗಳ ಮೊದಲ ಶನಿವಾರ ನಾನು ಹೋಗಿ ಅವರನ್ನು ಕರೆದುಕೊಂಡು ಬರುತ್ತೇನೆ. ಹಿತ್ತಲಲ್ಲಿ ಕೂತು ಒಂದು ಸೇದುತ್ತಾರೆ, ನಾನೂ ಜೊತೆಗೆ ಒಂದು. ತಿಂಗಳಿಗೆ ಅಷ್ಟೇ. ಈ ಬೀರು ನನ್ನ ಕೈಯಲ್ಲಿ ಹಾಳಾಗಬಾರದು.

ಇಲ್ಲಿಯ ಬೇಸಿಗೆ ನೋಡದವರಿಗೆ ಹೇಳುತ್ತೇನೆ. 2023ರಲ್ಲಿ ಫೀನಿಕ್ಸ್‌ನಲ್ಲಿ ಜೂನ್ 30ರಿಂದ ಜುಲೈ 30ರವರೆಗೆ 31 ದಿನ ಸಾಲಾಗಿ 110 ಫ್ಯಾರನ್‌ಹೀಟ್ ಮುಟ್ಟಿತು, ಅಂದರೆ 43 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ. 2024ರಲ್ಲಿ 100 ಫ್ಯಾರನ್‌ಹೀಟ್ ಮುಟ್ಟಿದ ದಿನಗಳು ಸಾಲಾಗಿ 113.

ಬೀರು ಇರುವುದು ಪಶ್ಚಿಮಕ್ಕೆ ಗೋಡೆ ಇರುವ ಕೋಣೆಯಲ್ಲಿ. ನಾವು ಮನೆಯಲ್ಲಿದ್ದಾಗ ಎಸಿ 76 ಫ್ಯಾರನ್‌ಹೀಟ್‌ಗೆ ಇರುತ್ತದೆ, ಅಂದರೆ 24 ಚಿಲ್ಲರೆ ಸೆಲ್ಸಿಯಸ್. ಸಂಜೆ 4ರಿಂದ 7ರವರೆಗೆ ಕರೆಂಟ್ ದರ ಜಾಸ್ತಿ, ಆಗ ಸ್ವಲ್ಪ ಏರಿಸುತ್ತೇವೆ. ಆ ಹೊತ್ತಿಗೆ ಬೀರುವಿನ ಒಳಗೆ 27 ಸೆಲ್ಸಿಯಸ್ ತೋರಿಸುತ್ತದೆ, ತೇವ ಶೇ 69. ಊರಿಗೆ ಹೋಗುವಾಗ ಎಲ್ಲರ ಹಾಗೆ ಎಸಿಯನ್ನು 85 ಫ್ಯಾರನ್‌ಹೀಟ್‌ಗೆ ಬಿಟ್ಟು ಹೋಗುತ್ತೇವೆ, ಅದು 29 ದಾಟುತ್ತದೆ.

ಎರಡು ವರ್ಷದ ಹಿಂದೆ ಹೀಗೇ ಹೋಗಿ ಬಂದಾಗ ನನ್ನದೇ ಒಂದು ಚಿಕ್ಕ ಡಬ್ಬಿಯಲ್ಲಿ 20 ಸಿಗಾರ್ ಇದ್ದವು. ಬಂದು ನೋಡಿದರೆ ಮೂರರಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು, ತಳದಲ್ಲಿ ಕಂದು ಪುಡಿ, ಹುಳ ಬಿದ್ದಿತ್ತು. ಆಗ ಹೋಗಿದ್ದು ನನ್ನ 20. ಈಗ ಅವರ 400 ಇವೆ.

ವೈನ್ ಫ್ರಿಜ್ ಕೊಂಡು ಅದಕ್ಕೆ ಹಾಕಲೇ? ಎಲ್ಲವನ್ನೂ ಫ್ರೀಜರಿಗೆ ಹಾಕಲೇ? ಬೀರುವಿಗೇ ಏನಾದರೂ ಕೂಲರ್ ಜೋಡಿಸಬಹುದೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಡಾಲಸ್ ಧಾರವಾಡ
ಮೇ 17

ನೋಡ್ರಿ, ವೈನ್ ಫ್ರಿಜ್ ವಿಷಯ ನಾನು ಹೇಳುತ್ತೇನೆ, ಎರಡು ಥರದ್ದೂ ಕೊಂಡು ಅನುಭವಿಸಿದ್ದೇನೆ.

ಮೊದಲು ತಗೊಂಡಿದ್ದು ಪೆಲ್ಟಿಯರ್ ಚಿಪ್ (ಕರೆಂಟ್ ಹರಿದಾಗ ಒಂದು ಮಗ್ಗುಲು ತಣ್ಣಗಾಗುವ ಬಿಲ್ಲೆ) ಇರುವ ಫ್ರಿಜ್. ಅದಕ್ಕೆ ಕಂಪ್ರೆಸರ್ ಇರುವುದಿಲ್ಲ, ಸದ್ದು ಇಲ್ಲ, ಅದುರುವುದಿಲ್ಲ. ಗ್ಯಾರೇಜಿನಲ್ಲಿ ಇಟ್ಟೆ. ಜುಲೈನಲ್ಲಿ ಗ್ಯಾರೇಜು 40 ಡಿಗ್ರಿ, ಫ್ರಿಜ್ಜಿನ ಒಳಗೆ 29. ಹಗಲು ರಾತ್ರಿ ಓಡಿದರೂ ಅದರ ಕೆಳಗೆ ಇಳಿಯಲಿಲ್ಲ. ಆಮೇಲೆ ಗೊತ್ತಾಯಿತು, ಆ ಚಿಪ್ ಸುತ್ತಲಿನ ಗಾಳಿಗಿಂತ ಹತ್ತು ಹನ್ನೆರಡು ಡಿಗ್ರಿ ಕಡಿಮೆ ಮಾಡಿದರೆ ಅದೇ ದೊಡ್ಡದು. ತಂಪು ಕೋಣೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಬಿಸಿ ಕೋಣೆಯಲ್ಲಿ ಆಗುವುದಿಲ್ಲ.

ಎರಡನೆಯದು ಕಂಪ್ರೆಸರ್ ಇರುವುದು. ತಂಪೇನೋ ಮಾಡಿತು, 18ಕ್ಕೆ ಬೇಕೆಂದರೆ 18. ಆದರೆ ಹಿಂದಿನ ತಣ್ಣನೆ ತಗಡಿನ ಮೇಲೆ ನೀರು ಕಟ್ಟಿ, ಕೊಳವೆಯಲ್ಲಿ ಇಳಿದು, ಹೊರಗಿನ ತಟ್ಟೆಗೆ ಹೋಗುತ್ತಿತ್ತು. ಆ ನೀರು ಎಲ್ಲಿಂದ ಬಂತು? ಸಿಗಾರಿನಿಂದಲೇ ಅಲ್ವಾ. ಎರಡು ವಾರದಲ್ಲಿ ತೇವ ಶೇ 52ಕ್ಕೆ ಇಳಿಯಿತು, ಮೇಲಿನ ಎಲೆ ಮುಟ್ಟಿದರೆ ಬಿರುಕು ಬಿಡುವ ಹಾಗಾಯಿತು. ಕೊಳವೆಯ ಬಾಯಿ ಮುಚ್ಚಿ, ಸೀಡರ್ ಹಲಗೆ ಹಾಕಿ, 20ಕ್ಕೆ ಏರಿಸಿ, ತೇವವನ್ನು ಒಂದೇ ಮಟ್ಟದಲ್ಲಿ ಇಡುವ ಬೋವೆಡಾ ಪೊಟ್ಟಣ ತುಂಬಿ ಸರಿ ಮಾಡಲು ನನಗೆ ಒಂದು ಬೇಸಿಗೆ ಪೂರ್ತಿ ಬೇಕಾಯಿತು. ನಾನು ಮನೆಯಲ್ಲಿದ್ದೆ, ದಿನಾ ನೋಡುತ್ತಿದ್ದೆ. ನೀವು ಇರುವುದಿಲ್ಲ. ಹೊರಡಲು ಮೂರು ವಾರ ಇಟ್ಟುಕೊಂಡು ಹೊಸ ಯಂತ್ರ ತಂದು ಅದರ ಕೈಗೆ 400 ಸಿಗಾರ್ ಕೊಟ್ಟು ಹೋಗಬೇಡ್ರಿ.

ಹಿರಿಯರ ಬೀರುವಿಗೆ ಡ್ರಿಲ್ ಹಾಕಿ ಕೂಲರ್ ಜೋಡಿಸುವುದಂತೂ ಬೇಡವೇ ಬೇಡ.

ಮೊದಲು ಆ ಪಶ್ಚಿಮದ ಕೋಣೆಯಿಂದ ಬೀರು ತೆಗೆಯಿರಿ. ದುಡ್ಡು ಖರ್ಚಿಲ್ಲದ ಕೆಲಸ ಅದೊಂದೇ.

ಕೊಡಗಿನ ಮಳೆ
ಮೇ 18

ಹಳೆಯ ಕಾಗದ, ಮರ, ಚರ್ಮ ಇಡುವ ಕೋಣೆಗಳ ಗಾಳಿ ನೋಡಿಕೊಳ್ಳುವುದು ನನ್ನ ಕೆಲಸ, ನ್ಯೂಜೆರ್ಸಿಯಲ್ಲಿ. ಸಿಗಾರ್ ನಾನು ಸೇದುವುದಿಲ್ಲ. ಆದರೆ ಎಲೆ, ಮರ, ನೀರು ಇವು ಮೂರೂ ನನಗೆ ದಿನಾ ಸಿಗುವವು, ಹಾಗಾಗಿ ಎರಡು ಮಾತು ಬರೆಯುತ್ತೇನೆ.

ಬಿಸಿಲು ಬಂದರೆ ಸಿಗಾರ್ ಒಣಗುತ್ತದೆ ಅಂತ ತುಂಬ ಜನ ಒಳಗೆ ನೀರು ಜಾಸ್ತಿ ಇಡುತ್ತಾರೆ. ಅದನ್ನು ಮಾಡಬೇಡಿ. ಲೆಕ್ಕ ಹೀಗಿದೆ. ಒಂದು ಘನ ಮೀಟರ್ ಗಾಳಿ 21 ಡಿಗ್ರಿಯಲ್ಲಿ ಹೆಚ್ಚೆಂದರೆ 18 ಗ್ರಾಂ ನೀರಾವಿ ಹಿಡಿಯುತ್ತದೆ, 30 ಡಿಗ್ರಿಯಲ್ಲಿ 30 ಗ್ರಾಂ. ಹಾಗಾಗಿ ಖಾಲಿ ಡಬ್ಬಿ ಬಿಸಿಯಾದರೆ ತೇವದ ಅಂಕಿ ಇಳಿಯುತ್ತದೆ, ಸರಿ. ಆದರೆ ನಿಮ್ಮ ಬೀರು ಖಾಲಿ ಇಲ್ಲ. ಅದು ಸುಮಾರು 300 ಲೀಟರ್ ಇರಬಹುದು, ಅದರೊಳಗಿನ ಗಾಳಿಯಲ್ಲಿ ಇರುವ ನೀರು ಎಲ್ಲ ಸೇರಿ ನಾಲ್ಕು ಗ್ರಾಂ, ಒಂದು ಟೀ ಚಮಚವೂ ಆಗುವುದಿಲ್ಲ. ಒಂದು ಸಿಗಾರಿನಲ್ಲಿ ಒಂದೂವರೆ ಗ್ರಾಂ ನೀರು ಅಂತ ಇಟ್ಟರೂ 400ರಲ್ಲಿ 600 ಗ್ರಾಂ ಆಯಿತು. ಹಲಗೆ ಕುಡಿದಿರುವುದು ಬೇರೆ. ಅಂದರೆ ಬೀರುವಿನ ತೇವವನ್ನು ನಡೆಸುವುದು ಗಾಳಿಯಲ್ಲ, ಸಿಗಾರ್ ಮತ್ತು ಮರ. ತುಂಬಿದ ಬೀರು ಬಿಸಿಯಾದಾಗ ಅವು ಸ್ವಲ್ಪ ನೀರು ಬಿಡುತ್ತವೆ, ಅಂಕಿ ಇಳಿಯುವ ಬದಲು ಸ್ವಲ್ಪ ಏರುತ್ತದೆ. ಸಂಜೆ ನಿಮಗೆ 69 ಕಾಣುವುದರಲ್ಲಿ ಇದರ ಪಾಲೂ ಇರಬಹುದು.

ನನಗೆ ಹೆದರಿಕೆ ಆಗುವುದು ಇನ್ನೊಂದಕ್ಕೆ. ಬೀರುವಿನ ಒಂದು ಮಗ್ಗುಲು ಬಿಸಿ, ಇನ್ನೊಂದು ಮಗ್ಗುಲು ತಂಪು ಇದ್ದರೆ ನೀರು ಬಿಸಿ ಕಡೆಯಿಂದ ಹೊರಟು ತಂಪು ಕಡೆ ಸೇರುತ್ತದೆ. 25 ಡಿಗ್ರಿಯಲ್ಲಿ ಶೇ 65 ತೇವ ಇರುವ ಗಾಳಿಯೇ 20 ಡಿಗ್ರಿಯ ಹಲಗೆಯ ಪಕ್ಕ ಹೋದರೆ ಅಲ್ಲಿ ಸುಮಾರು ಶೇ 88 ಆಗುತ್ತದೆ. ಅಷ್ಟು ತೇವಕ್ಕೆ ಬೂಸ್ಟು ಹಿಡಿದೇ ಹಿಡಿಯುತ್ತದೆ. ತೇವ ಅಳೆಯುವ ನಿಮ್ಮ ಮೀಟರು ಬಿಸಿ ಕಡೆಯಲ್ಲಿದ್ದರೆ ನಿಮಗೆ ಗೊತ್ತೇ ಆಗುವುದಿಲ್ಲ. ಎಸಿ ಗಾಳಿ ನೇರ ಬೀಳುವ ಜಾಗದಲ್ಲೂ ಬೀರು ಇಡಬಾರದು, ಬಿಸಿಲಿನ ಗೋಡೆಗೆ ತಾಗಿಸಿಯೂ ಇಡಬಾರದು, ಎರಡಕ್ಕೂ ಕಾರಣ ಇದೇ. ಡಾಲಸ್‌ನವರ ಫ್ರಿಜ್ಜಿನಲ್ಲಿ ನೀರು ಕಟ್ಟಿದ್ದೂ ಇದರದೇ ಇನ್ನೊಂದು ರೂಪ. 21 ಡಿಗ್ರಿ, ಶೇ 65 ಇರುವ ಗಾಳಿ 14 ಡಿಗ್ರಿಯ ತಗಡು ಮುಟ್ಟಿದರೆ ಸಾಕು, ಹನಿ ಕಟ್ಟುತ್ತದೆ.

ಹಾಗಾಗಿ ಏನು ಕೊಳ್ಳಬೇಕು ಅನ್ನುವ ಮೊದಲು ಅಳೆಯಿರಿ. ನಿಮ್ಮ ಮೀಟರು ನಿಜ ಹೇಳುತ್ತಿದೆಯಾ ಅಂತ ನೋಡಲು ಒಂದು ಬಾಟಲಿ ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗುವಷ್ಟು ಹನಿ ನೀರು ಬಿಡಿ, ಉಪ್ಪು ಕರಗಿ ಹೋಗಬಾರದು. ಅದನ್ನೂ ಮೀಟರನ್ನೂ ಒಂದೇ ಜಿಪ್ ಚೀಲದಲ್ಲಿ ಹಾಕಿ ಒಂದು ದಿನ ಬಿಡಿ. ಶೇ 75 ತೋರಿಸಬೇಕು. ಎಷ್ಟು ವ್ಯತ್ಯಾಸ ಬಂದರೂ ಬರೆದಿಟ್ಟುಕೊಳ್ಳಿ. ಆಮೇಲೆ ಮನೆಯ ಮೂರು ನಾಲ್ಕು ಜಾಗದಲ್ಲಿ ಮಧ್ಯಾಹ್ನ, ಸಂಜೆ, ಬೆಳಗಿನ ಜಾವ ಉಷ್ಣತೆ ನೋಡಿ. ಹೊರಗೋಡೆ ಇಲ್ಲದ ಜಾಗ ಯಾವುದಿದೆ ನಿಮ್ಮಲ್ಲಿ?

ಚಾಂಡ್ಲರ್ ಮೈಸೂರಿಗ
ಮೇ 22

ಮೇಡಂ, ನಾಲ್ಕು ದಿನ ಅಳೆದೆ. ಉಪ್ಪಿನ ಚೀಲದಲ್ಲಿ ನನ್ನ ಮೀಟರು 79 ತೋರಿಸಿತು. ಅಂದರೆ ನಾನು 69 ಅಂದುಕೊಂಡಿದ್ದು ನಿಜದಲ್ಲಿ 65. ಇಷ್ಟು ದಿನ ತೇವ ಜಾಸ್ತಿ ಆಯಿತು ಅಂತ ಬಾಗಿಲು ತೆರೆದು ಗಾಳಿಗೆ ಬಿಡುತ್ತಿದ್ದೆ, ಅದನ್ನು ಇವತ್ತೇ ನಿಲ್ಲಿಸಿದ್ದೇನೆ.

ಪಶ್ಚಿಮದ ಕೋಣೆಯಲ್ಲಿ ಬೆಳಗಿನ ಜಾವ 24.3, ಸಂಜೆ 6ಕ್ಕೆ 27.6. ಗೋಡೆಗೆ ಕೈ ಇಟ್ಟರೆ ಬಿಸಿ ತಾಗುತ್ತದೆ. ಮಲಗುವ ಕೋಣೆಯ ಬಟ್ಟೆ ಗೂಡಿನಲ್ಲಿ 24.5ರಿಂದ 26. ಮೆಟ್ಟಿಲ ಕೆಳಗೆ ಒಂದು ಸಣ್ಣ ಕೋಣೆ ಇದೆ, ನಾಲ್ಕು ಕಡೆಯೂ ಮನೆಯ ಒಳಗೋಡೆ. ಅಲ್ಲಿ 24.1ರಿಂದ 24.9, ಅಷ್ಟೇ. ಇಷ್ಟು ವರ್ಷ ಈ ಮನೆಯಲ್ಲಿದ್ದರೂ ಇದು ಗೊತ್ತಿರಲಿಲ್ಲ. ಅಲ್ಲಿದ್ದ ವೈಫೈ ರೌಟರ್ ಬೆಚ್ಚಗಿತ್ತು, ಅದನ್ನು ಹೊರಗೆ ತೆಗೆದ ಮೇಲೆ ಇನ್ನೂ ಅರ್ಧ ಡಿಗ್ರಿ ಇಳಿಯಿತು.

ಸದ್ಯ ಅಲ್ಲಿ ಊರಿನಿಂದ ತಂದ ಅಡುಗೆ ಸಾಮಾನು ಇದೆ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಅರಿಶಿನ, ಹುರಿದ ಸಾರಿನ ಪುಡಿ. ಅವನ್ನು ಒಂದು ಪಕ್ಕಕ್ಕೆ ಸರಿಸಿದರೆ ಬೀರು ಹಿಡಿಸುತ್ತದೆ. ಈ ಭಾನುವಾರ ಬೀರು ಖಾಲಿ ಮಾಡಿ ಅಲ್ಲಿಗೆ ಸಾಗಿಸಬೇಕು ಅಂತ ಇದ್ದೇನೆ.

ಪಿರಿಯಾಪಟ್ಟಣದ ಹೊಗೆಸೊಪ್ಪು
ಮೇ 22

ಅಣ್ಣ, ಸ್ವಲ್ಪ ತಡೆಯಿರಿ. ಆ ಮೆಣಸಿನಕಾಯಿ ಪಕ್ಕದಲ್ಲಿ ಬೀರು ಇಡಬೇಡಿ.

ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಯಾರನ್ನು ಕೇಳಿದರೂ ಈ ಹುಳದ ಪರಿಚಯ ಹೇಳುತ್ತಾರೆ. ಎರಡು ಮೂರು ಮಿಲಿಮೀಟರ್ ಉದ್ದ, ಕೆಂಪು ಕಂದು ಬಣ್ಣ, ಬೆನ್ನು ಗುಂಡಗೆ, ತಲೆ ಒಳಗೆ ಬಾಗಿರುತ್ತದೆ. ಮುಸ್ಸಂಜೆಗೆ ಹಾರುತ್ತದೆ. ಹೆಸರಿಗೆ ತಂಬಾಕಿನ ಹುಳ ಅಂತಾರೆ, ಆದರೆ ಕೊತ್ತಂಬರಿ ಬೀಜ, ಒಣ ಮೆಣಸಿನಕಾಯಿ, ಅರಿಶಿನ ಕೊಂಬು, ಶುಂಠಿ ಯಾವುದನ್ನೂ ಬಿಡುವುದಿಲ್ಲ. ಹಳೇ ಕೊತ್ತಂಬರಿ ಡಬ್ಬ ತೆಗೆದಾಗ ಚಿಕ್ಕ ಕಂದು ಹುಳ ಓಡಾಡುವುದನ್ನು ನಮ್ಮ ಮನೆ ಹೆಂಗಸರೆಲ್ಲ ನೋಡಿರುತ್ತಾರೆ. ಎಷ್ಟೋ ಸಲ ಅದು ಇದೇ ಹುಳ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳನ್ನು ಕೋಲ್ಡ್ ಸ್ಟೋರೇಜಿಗೆ ಹಾಕುವುದು ಬಣ್ಣ ಉಳಿಯಲಿ ಅಂತಲೂ ಹೌದು, ಹುಳ ಬೀಳದಿರಲಿ ಅಂತಲೂ ಹೌದು. ಎರಡು ವರ್ಷದ ಹಿಂದೆ ನಿಮ್ಮ ಚಿಕ್ಕ ಡಬ್ಬಿಗೆ ಹುಳ ಅಂಗಡಿಯಿಂದಲೇ ಬಂತು ಅಂತ ಹೇಗೆ ಹೇಳುವುದು? ಆ ಡಬ್ಬಿ ಎಲ್ಲಿಟ್ಟಿದ್ದಿರಿ ನೆನಪು ಮಾಡಿಕೊಳ್ಳಿ.

ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ. ಒಂದು ವಾರ, ಹತ್ತು ದಿನದಲ್ಲಿ ಒಡೆದು ಮರಿಹುಳ ಬರುತ್ತದೆ, ತಿನ್ನುವುದು ಅದೇ. ತಂಪಿನಲ್ಲಿ ಅದರ ಬೆಳವಣಿಗೆ ನಿಧಾನ. 20 ಡಿಗ್ರಿಯಲ್ಲಿ ಮೊಟ್ಟೆಯಿಂದ ಪೂರ್ತಿ ಹುಳ ಆಗಲು ಸುಮಾರು 120 ದಿನ ಬೇಕು. 37 ಡಿಗ್ರಿಯಲ್ಲಿ 26 ದಿನ ಸಾಕು. 18ರ ಕೆಳಗೆ ಬಹುತೇಕ ನಿಂತೇ ಹೋಗುತ್ತದೆ. ನೀವು 85 ಫ್ಯಾರನ್‌ಹೀಟ್‌ಗೆ ಬಿಟ್ಟು ಆರು ವಾರ ಹೋದರೆ ಒಂದು ತಲೆಮಾರು ಹುಳ ಎದ್ದು ಪಕ್ಕದ ಡಬ್ಬಿಗೆ ಮೊಟ್ಟೆ ಇಡಲು ಸರಿಯಾಗಿ ಸಮಯ ಸಿಗುತ್ತದೆ. ಎಸಿ ಎಷ್ಟಕ್ಕೆ ಇಡಬೇಕು ಅನ್ನುವುದಕ್ಕೆ ನನ್ನ ಉತ್ತರ ಅದರಲ್ಲೇ ಇದೆ. 25ರಲ್ಲೂ ಹುಳ ಬೆಳೆಯುತ್ತದೆ, ಸುಳ್ಳು ಹೇಳುವುದಿಲ್ಲ, ಆದರೆ ಅಷ್ಟು ಬೇಗ ಅಲ್ಲ.

ಒಂದು ಸಂಗತಿ. ನಮ್ಮ ಸೊಪ್ಪು ಬ್ಯಾರನ್‌ನಲ್ಲಿ (ಸೊಪ್ಪು ಹದ ಮಾಡುವ ಬಿಸಿ ಕೋಣೆಯಲ್ಲಿ) ಬೇಯಿಸಿದ್ದು, ಕೊನೆಯ ಹೊತ್ತಿಗೆ ಒಳಗೆ 70 ಡಿಗ್ರಿ ದಾಟುತ್ತದೆ, ಯಾವ ಹುಳವೂ ಉಳಿಯುವುದಿಲ್ಲ. ಆದರೂ ಆಮೇಲೆ ಮನೆಯಲ್ಲಿ ರಾಶಿ ಹಾಕಿಟ್ಟಾಗ ಹೊರಗಿನಿಂದ ಬಂದು ಸೇರುತ್ತದೆ. ಅದಕ್ಕೇ ನಮ್ಮಪ್ಪ ಹೊಸ ಸೊಪ್ಪು ಇಡುವ ಮೊದಲು ಹಳೆಯ ಪುಡಿ, ಕಡ್ಡಿ, ಗೋಣಿಚೂರು ಒಂದೂ ಇಲ್ಲದ ಹಾಗೆ ಕೋಣೆ ಗುಡಿಸಿಸುತ್ತಿದ್ದರು. ನೀವೂ ಬೀರು ಖಾಲಿ ಮಾಡಿದಾಗ ಹಲಗೆಯ ಸಂದುಗಳನ್ನು ಒಣ ಬ್ರಷ್‌ನಲ್ಲಿ ಉಜ್ಜಿ ವ್ಯಾಕ್ಯೂಮ್ ಮಾಡಿ. ಸಾಬೂನು, ಸ್ಪ್ರೇ ಏನೂ ಬೇಡ, ಮರ ವಾಸನೆ ಕುಡಿಯುತ್ತದೆ.

ಫ್ರೀಜರ್ ವಿಷಯ: ಅನುಮಾನ ಇರುವ ಡಬ್ಬಿಗಳನ್ನು ಮಾತ್ರ ಹಾಕಿ. ಎರಡು ಜಿಪ್ ಚೀಲ, ಒಂದರೊಳಗೆ ಒಂದು, ಗಾಳಿ ಆದಷ್ಟು ಹಿಂಡಿ ತೆಗೆಯಿರಿ. ಒಂದು ದಿನ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ, ಆಮೇಲೆ ಮೈನಸ್ 18ರ ಫ್ರೀಜರಿನಲ್ಲಿ ಐದು ದಿನ, ಮತ್ತೆ ಒಂದು ದಿನ ಕೆಳಗೆ, ಆಮೇಲೆ ಕೋಣೆಯಲ್ಲಿ. ಚೀಲ ಪೂರ್ತಿ ಕೋಣೆಯ ಬಿಸಿಗೆ ಬರುವ ತನಕ ಬಾಯಿ ಬಿಚ್ಚಬಾರದು.

ಡಾಲಸ್ ಧಾರವಾಡ
ಮೇ 23

ಕೊನೆಯ ಮಾತು ಎಲ್ಲರೂ ಎರಡು ಸಲ ಓದ್ರಿ. ನಾನು ಅವಸರದಲ್ಲಿ ಫ್ರೀಜರಿನಿಂದ ತೆಗೆದು ಹಾಗೇ ಬಿಚ್ಚಿದೆ. ಸಿಗಾರ್ ಮೇಲೆ ಮಂಜಿನ ಹನಿ ಕಟ್ಟಿತು, ಮೇಲಿನ ಎಲೆ ಉಬ್ಬಿ ಹನ್ನೆರಡು ಸೀಳಿದವು. ಒಳ್ಳೆಯ ಸಿಗಾರ್, ಹುಳ ಇರಲೇ ಇಲ್ಲ ಅವುಗಳಲ್ಲಿ.

ದುಬೈ ಉಡುಪಿ
ಮೇ 24

ನಾವು ಪ್ರತಿ ವರ್ಷ ಜುಲೈ, ಆಗಸ್ಟ್ ಎರಡು ತಿಂಗಳು ಊರಿಗೆ ಹೋಗುತ್ತೇವೆ, ಮಕ್ಕಳ ಶಾಲೆಗೆ ಆಗಲೇ ರಜೆ. ದುಬೈಯಲ್ಲಿ ಆಗ 42, 43 ಡಿಗ್ರಿ, ಮೇಲಿನಿಂದ ಸಮುದ್ರದ ತೇವ. ನನ್ನ ಹತ್ತಿರ ಬೀರು ಇಲ್ಲ, ಪಿಕ್ನಿಕ್‌ಗೆ ಐಸ್ ಹಾಕಿ ಒಯ್ಯುವ ದೊಡ್ಡ ಪೆಟ್ಟಿಗೆ ಇದೆ, ಅದರಲ್ಲೇ ನೂರು ಸಿಗಾರ್ ಇಡುತ್ತೇನೆ. ಗಾಳಿ ಆಡದ ಹಾಗೆ ಮುಚ್ಚಿಕೊಳ್ಳುತ್ತದೆ, ತೇವ ತಿಂಗಳುಗಟ್ಟಲೆ ಅಲ್ಲಾಡುವುದಿಲ್ಲ. ಆದರೆ ಆ ಪೆಟ್ಟಿಗೆ ತಂಪು ಹುಟ್ಟಿಸುವುದಿಲ್ಲ ಅನ್ನುವುದು ನೆನಪಿರಲಿ. ಕೋಣೆ 34 ಇದ್ದರೆ ಎರಡು ದಿನದಲ್ಲಿ ಒಳಗೂ 34. ಬಿಸಿಯನ್ನು ತಡ ಮಾಡುತ್ತದೆ, ಅಷ್ಟೇ.

ಆ ತಡವೇ ನನ್ನನ್ನು ಒಂದು ಸಲ ಕಾಪಾಡಿತು. ಉಡುಪಿಯಲ್ಲಿ ಇದ್ದಾಗ ನಮ್ಮ ಫ್ಲ್ಯಾಟಿನ ಎಸಿ ಕೆಟ್ಟಿತು. ನನಗೆ ಗೊತ್ತಾಗಿದ್ದು ಫೋನಿಗೆ ಸಂದೇಶ ಕಳಿಸುವ ಒಂದು ಚಿಕ್ಕ ಸೆನ್ಸರ್ ಇಟ್ಟಿದ್ದರಿಂದ. 28 ದಾಟಿದ ಕೂಡಲೇ ಫೋನ್ ಕೂಗಿತು. ಪಕ್ಕದ ಮನೆಯವರ ಹತ್ತಿರ ಬೀಗದಕೈ ಇತ್ತು, ಅವರು ಪೆಟ್ಟಿಗೆಯನ್ನು ತಮ್ಮ ಮನೆಗೆ ಎತ್ತಿಕೊಂಡು ಹೋದರು. ಸೆನ್ಸರ್ ಇದ್ದು ಬೀಗದಕೈ ಯಾರ ಹತ್ತಿರವೂ ಇಲ್ಲದಿದ್ದರೆ ಅಷ್ಟು ದೂರದಲ್ಲಿ ಕೂತು ಅಂಕಿ ಏರುವುದನ್ನು ನೋಡುತ್ತ ಇರಬೇಕಿತ್ತು.

ಸರ್, ನಿಮ್ಮ ಮನೆಯಲ್ಲಿ ರೌಟರ್ ಹೊರಗೆ ತೆಗೆದಿದ್ದೀರಿ, ಮೆಟ್ಟಿಲ ಕೆಳಗೆ ಸಿಗ್ನಲ್ ಸಿಗುತ್ತದಾ ನೋಡಿಕೊಳ್ಳಿ. ಹೊರಡುವ ಮೊದಲು ಒಂದು ವಾರ ಓಡಿಸಿ ನೋಡಿ. ಬ್ಯಾಟರಿ ಹೊಸದು ಹಾಕಿ.

ಕೊಡಗಿನ ಮಳೆ
ಮೇ 24

ದುಬೈಯವರು ಹೇಳಿದ್ದು ನನ್ನ ಲೆಕ್ಕಕ್ಕಿಂತ ಮುಖ್ಯ. ನಾನು ಸೇರಿಸುವುದು ಎರಡೇ.

ಮೆಟ್ಟಿಲ ಕೋಣೆಯ ಬಾಗಿಲನ್ನು ಪೂರ್ತಿ ಮುಚ್ಚಬೇಡಿ, ನಾಲ್ಕು ಬೆರಳು ತೆರೆದಿರಲಿ. ಇಲ್ಲವಾದರೆ ಮನೆಯ ಎಸಿ ಗಾಳಿ ಅಲ್ಲಿಗೆ ಹೋಗುವುದಿಲ್ಲ. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ. ಒಳಗೆ ಕಂಪ್ಯೂಟರಿಗೆ ಹಾಕುವಂಥ ಸಣ್ಣ ಫ್ಯಾನ್ ಒಂದು ಇದ್ದರೆ ಮೇಲಿನ ಅಂಕಣಕ್ಕೂ ಕೆಳಗಿನ ಅಂಕಣಕ್ಕೂ ಇರುವ ವ್ಯತ್ಯಾಸ ಹೋಗುತ್ತದೆ, ಗಂಟೆಗೆ ಹತ್ತು ನಿಮಿಷ ತಿರುಗಿದರೆ ಸಾಕು.

ಇನ್ನೊಂದು, ಎಸಿ ಎಷ್ಟಕ್ಕೆ ಇಟ್ಟರೂ ಅದನ್ನು ಹಗಲು ರಾತ್ರಿ ಬದಲಿಸದೆ ಒಂದೇ ಕಡೆ ಬಿಡಿ. ಸಂಜೆ ದರ ಜಾಸ್ತಿ ಅಂತ ಏರಿಸುವ ಅಭ್ಯಾಸ ಈ ಆರು ವಾರ ಬೇಡ. 26ರಲ್ಲಿ ಸ್ಥಿರವಾಗಿ ಇರುವ ಬೀರು, ದಿನಾ 23ಕ್ಕೂ 28ಕ್ಕೂ ಏರಿಳಿಯುವ ಬೀರುವಿಗಿಂತ ಚೆನ್ನಾಗಿ ಉಳಿಯುತ್ತದೆ.

ಚಾಂಡ್ಲರ್ ಮೈಸೂರಿಗ
ಜೂನ್ 8

ಎಲ್ಲ ಮುಗಿಸಿದೆ. ಪಿರಿಯಾಪಟ್ಟಣದವರು ಹೇಳಿದ ಮೇಲೆ ಕೊತ್ತಂಬರಿ ಡಬ್ಬ ತೆಗೆದು ಬಿಳಿ ಕಾಗದದ ಮೇಲೆ ಸುರಿದೆವು. ನಾಲ್ಕು ಹುಳ. ಎರಡು ವರ್ಷದ ಹಿಂದಿನ ಆ ಚಿಕ್ಕ ಡಬ್ಬಿ ಇದ್ದಿದ್ದು ಅಡುಗೆಮನೆ ಕಪಾಟಿನ ಮೇಲೆ, ಈಗ ನೆನಪಾಯಿತು. ಕೊತ್ತಂಬರಿ ಬಿಸಾಡಿದೆವು. ಮೆಣಸಿನಕಾಯಿ, ಅರಿಶಿನ ಎಲ್ಲ ಫ್ರೀಜರಿನಲ್ಲಿ ಒಂದು ವಾರ ಇದ್ದು ಈಗ ಗಾಜಿನ ಜಾಡಿಗೆ ಸೇರಿವೆ, ಮೆಟ್ಟಿಲ ಕೋಣೆಗೆ ಮತ್ತೆ ಬರುವುದಿಲ್ಲ.

ಬೀರು ಗುಡಿಸಿ, ಸಾಗಿಸಿ, ಮತ್ತೆ ತುಂಬಿದೆವು. ಪ್ರತಿ ಡಬ್ಬಿಯನ್ನೂ ಹಿರಿಯರೇ ಕೂತು ನೋಡಿದರು. ಯಾವುದು ಎಲ್ಲಿಂದ ಬಂತು ಅಂತ ಅವರಿಗೆ ನೆನಪಿದೆ. ಯಾರೋ ಕೊಟ್ಟ ಮೂರು ಡಬ್ಬಿಗಳ ಮೇಲೆ ಅವರಿಗೇ ನಂಬಿಕೆ ಇರಲಿಲ್ಲ, ಅವು ಐದು ದಿನ ಫ್ರೀಜರಿನಲ್ಲಿದ್ದು ಬಂದವು, ಒಂದೂ ಸೀಳಿಲ್ಲ. ಶೇ 65ರ ಬೋವೆಡಾ ಪೊಟ್ಟಣ 16 ಹಾಕಿದ್ದೇನೆ. ಎಸಿ 78 ಫ್ಯಾರನ್‌ಹೀಟ್, ಅಂದರೆ 25.6, ಆರು ವಾರವೂ ಅದೇ. ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ, ಬರಲಿ. ಹುಳ ಅಂಟುವ ಬಲೆಕಾಗದ ಕೋಣೆಯಲ್ಲಿ ಒಂದು, ಅಡುಗೆಮನೆಯಲ್ಲಿ ಒಂದು ಇಟ್ಟಿದ್ದೇನೆ. ಬೀಗದಕೈ ಪಕ್ಕದ ಮನೆಯವರ ಹತ್ತಿರ ಇದೆ.

ಚಾಂಡ್ಲರ್ ಮೈಸೂರಿಗ
ಜುಲೈ 27

ಬಂದು ಮೂರು ದಿನ ಆಯಿತು. ನೀವೆಲ್ಲ ಕೇಳುತ್ತಿದ್ದಿರಿ, ಅದಕ್ಕೇ ಬರೆಯುತ್ತಿದ್ದೇನೆ.

ಸೆನ್ಸರಿನ ಪ್ರಕಾರ ಬೀರುವಿನ ಒಳಗೆ ಹೆಚ್ಚು ಕಡಿಮೆ 25.4ರಿಂದ 26ರ ನಡುವೆಯೇ ಇತ್ತು. ತೇವ ಶೇ 64, 65. ಜುಲೈ ಎರಡನೇ ವಾರ ಮಾನ್ಸೂನ್ ಗಾಳಿಗೆ ಕರೆಂಟ್ ಹೋಗಿ ಐದು ಗಂಟೆ ಬರಲಿಲ್ಲ. ನಾನು ಆಗ ಮೈಸೂರಿನಲ್ಲಿ ತಿಂಡಿ ತಿನ್ನುತ್ತಿದ್ದೆ, ಫೋನ್ ಕೂಗಿತು. ಹಾಲ್‌ನಲ್ಲಿ ಇಟ್ಟಿದ್ದ ಇನ್ನೊಂದು ಸೆನ್ಸರ್ 30.5 ಮುಟ್ಟಿತು, ಬೀರುವಿನ ಒಳಗಿನದು ಮಾತ್ರ 26.8ರಲ್ಲೇ ನಿಂತಿತು. ರೌಟರಿಗೆ ಚಿಕ್ಕ ಬ್ಯಾಟರಿ ಇದ್ದುದರಿಂದ ಇದು ಕಂಡಿತು. ಕರೆಂಟ್ ಬಂದ ಮೇಲೆ ಎರಡು ಗಂಟೆಯಲ್ಲಿ ಎಲ್ಲ ಮೊದಲಿನ ಹಾಗೆ ಆಯಿತು, ಯಾರೂ ಬಾಗಿಲು ತೆರೆಯಬೇಕಾಗಲಿಲ್ಲ.

ಜುಲೈ ಮೊದಲ ಶನಿವಾರ ಪಕ್ಕದ ಮನೆಯವರೇ ಹಿರಿಯರನ್ನು ಕರೆದುಕೊಂಡು ಬಂದಿದ್ದರು. ಹೊತ್ತು ಏರುವ ಮುಂಚೆ, ಬೆಳಿಗ್ಗೆ 6ಕ್ಕೆ. ಬಲೆಕಾಗದ ನೋಡಿ, ಕೋಣೆಯದರಲ್ಲಿ ಏನೂ ಇಲ್ಲ, ಅಡುಗೆಮನೆಯದರಲ್ಲಿ ಎರಡು ಇವೆ ಅಂತ ನನಗೆ ಫೋಟೋ ಕಳಿಸಿದರು. ಆಮೇಲೆ ಹಿರಿಯರು ಹಿತ್ತಲಲ್ಲಿ ಕೂತು ಕಾಫಿ ಕುಡಿದು, 2009ರ ಡಬ್ಬಿಯಿಂದ ಒಂದು ಸೇದಿ ಹೋದರಂತೆ.

ನಿನ್ನೆ ಹಿರಿಯರೂ ನಾನೂ ಕೂತು ಎಲ್ಲ ಡಬ್ಬಿಗಳನ್ನು ಮತ್ತೆ ತೆಗೆದು ನೋಡಿದೆವು. ಕೆಳಗಿನ ಅಂಕಣದ ಒಂದು ಡಬ್ಬಿಯ ಮೂಲೆಯಲ್ಲಿ ಚಿಟಿಕೆಯಷ್ಟು ಪುಡಿ ಇತ್ತು. ತೂತು ಎಲ್ಲೂ ಕಾಣಲಿಲ್ಲ, ಎಲೆಯ ಚೂರೇ ಇರಬಹುದು. ಆದರೂ ಬಿಡಲು ಮನಸ್ಸಾಗಲಿಲ್ಲ. ಅದೂ ಅದರ ಎರಡು ಪಕ್ಕದವೂ ಈಗ ಎರಡೆರಡು ಚೀಲದಲ್ಲಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿವೆ, ರಾತ್ರಿ ಫ್ರೀಜರಿಗೆ ಹೋಗುತ್ತವೆ. ಶುಕ್ರವಾರ ಕೆಳಗೆ ಇಳಿಸುತ್ತೇನೆ, ಶನಿವಾರ ಸಂಜೆಯವರೆಗೆ ಬಿಚ್ಚುವುದಿಲ್ಲ.